ಮೇಸ್ತ್ರಿಯ ನಂಬರು

"ಗಂಡನ್ನ ನುಂಗ್ಕೊಂಡ ಮುಂಡೆ, ನಿನಗ್ಯಾಕೇ ಸರ್ಕಾರದ ಉಸಾಬರಿ?"

ಪೊರಕೆ ಹಂಚುವ ಅಂಗಳದಲ್ಲಿ ಮೇಸ್ತ್ರಿ ಎಲ್ಲರೆದುರು ಹೀಗೆ ಕೇಳಿದಾಗ ಅವಳು ಕಸದ ಗಾಡಿಯ ಚಕ್ರಕ್ಕೆ ಸುತ್ತಿಕೊಂಡ ಬಟ್ಟೆಚೂರನ್ನು ಎಳೆಯುತ್ತಿದ್ದಳು. ತಲೆ ಎತ್ತಲಿಲ್ಲ. ಬೈಗುಳ ಕೇಳಿ ಕೇಳಿ ಕಿವಿಯೂ ಅಂಗೈಯ ಹಾಗೆ ಜಡ್ಡುಗಟ್ಟಿತ್ತು.

ಹಿಂದಿನ ಸಂಜೆ ಮೇಸ್ತ್ರಿಯ ಫೋನಿಗೆ ಮೆಸೇಜು ಬಂದಿತ್ತು. ಅವಳ ಹೆಸರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹೋಗುತ್ತಿದೆ, ಒಪ್ಪಿಗೆಯಿದ್ದರೆ ಈ ಓಟಿಪಿ ಹಾಕಿ ಎಂದು.

ಅರ್ಜಿಯಲ್ಲಿದ್ದದ್ದು ಒಂದೇ ಪ್ರಶ್ನೆ: ನನ್ನ ಗಂಡನನ್ನು ಮ್ಯಾನ್‌ಹೋಲಿಗೆ ಇಳಿಸಿದ್ದು ಯಾರು? ಆಫೀಸಿನವರ ಪ್ರಕಾರ ಯಾರೂ ಇಳಿಸಿರಲಿಲ್ಲ, ಅವನೇ ಕುಡಿದು ಬಿದ್ದಿದ್ದ. ಕುಡಿಯುತ್ತಿದ್ದದ್ದು ನಿಜವೇ. ಆದರೆ ಕುಡಿದು ಬಿದ್ದವನ ಸೊಂಟಕ್ಕೆ ಹಗ್ಗ ಕಟ್ಟಿದವರು ಯಾರು? ಅದನ್ನೇ ಕೇಳಲು ಹೋದರೆ ಸಾಹೇಬರು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಮೂಗಿಗೆ ಕರ್ಚೀಫು ಹಿಡಿದು, ಈಗ ಕಾಗದ ತಗೊಳ್ಳಲ್ಲ, ಎಲ್ಲ ಆನ್‌ಲೈನು ಅಂದುಬಿಟ್ಟಿದ್ದರು.

ಅಂಗಳದೆದುರೇ, ರಸ್ತೆಯಾಚೆ, ಕಂಪ್ಯೂಟರ್ ಅಂಗಡಿ. ಅಲ್ಲಿನ ಅಕ್ಕ ಪಟಪಟನೆ ಎಲ್ಲ ತುಂಬಿ, ಕೊನೆಗೆ ಗುರುತಿನ ಚೀಟಿಯ ನಂಬರಿಗೆ ಹೋದ ಓಟಿಪಿ ಕೇಳಿದಾಗ ಬಂಡವಾಳ ಬಯಲಾಯಿತು. ಕೆಲಸಕ್ಕೆ ಸೇರುವಾಗ ಎಲ್ಲರ ಗುರುತಿನ ಚೀಟಿ ಮಾಡಿಸಿದವನು ಮೇಸ್ತ್ರಿ. ನಿಮಗೆ ಯಾವ ನನ್ಮಗ ಫೋನ್ ಮಾಡ್ತಾನೆ ಎಂದು ನಕ್ಕು, ಎಲ್ಲರದಕ್ಕೂ ತನ್ನ ನಂಬರನ್ನೇ ಕೊಟ್ಟಿದ್ದ. ಇವರೂ ನಕ್ಕಿದ್ದರು. ಈಗ ನಂಬರು ಬದಲಿಸಬೇಕೆಂದರೂ ಓಟಿಪಿ ಹೋಗುವುದು ಅವನಿಗೇ.

"ಕಳ್ಳನ ಕೈಗೇ ಬೀಗದಕೈ ಕೊಟ್ಟು ಕೂತಿದೀರಲ್ಲೇ ತಾಯಿ," ಎಂದಿದ್ದಳು ಅಕ್ಕ.

ಬೈಸಿಕೊಂಡ ದಿನ ಸಂಜೆ ಅವಳು ಮತ್ತೆ ಆ ಅಂಗಡಿಗೆ ಹೋದಳು, ಮೈಕಜ್ಜಿಯನ್ನೂ ಕರೆದುಕೊಂಡು. ಅಜ್ಜಿ ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆಂದು ಆ ಹೆಸರು. ಅಜ್ಜಿಯ ಮಗನೂ ಹಾಗೇ 'ಕುಡಿದು ಬಿದ್ದವನು'. ಮೂವರೂ ಬಹಳ ಹೊತ್ತು ಮಾತಾಡಿದರು.

ಮರುದಿನ ಬೆಳಿಗ್ಗೆ ಹಾಜರಿ. ಈಚೆಗೆ ಹಾಜರಿಯೆಂದರೆ ಮುಖ ತೋರಿಸುವುದು. ಮೇಸ್ತ್ರಿ ಫೋನನ್ನು ನೀರಿನ ಡ್ರಮ್ಮಿಗೆ ಒರಗಿಸಿಟ್ಟು, ವಾಸನೆ ಬಡಿಯದಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಒಬ್ಬೊಬ್ಬರೇ ಬಂದು, ಅದರೊಳಗೆ ಕಾಣುವ ತಮ್ಮ ಮುಖದ ಸುತ್ತಲಿನ ಗೆರೆ ಹಸಿರಾಗುವ ತನಕ ನಿಲ್ಲಬೇಕು.

ತನ್ನ ಸರದಿ ಬಂದಾಗ ಅವಳು ಪೊರಕೆಯನ್ನು ತಲೆಯ ಮೇಲಕ್ಕೆತ್ತಿದಳು. ರಸ್ತೆಯಾಚೆ ಅಕ್ಕ ಗುಂಡಿ ಒತ್ತಿದಳು.

ಫೋನು ಗುಂಯ್ ಎಂದಿತು. ಅವಳ ಬಾಡಿದ ಮುಖದ ಮೇಲೆ, ಹಣೆಯ ಹತ್ತಿರ, ಮೆಸೇಜು ಇಳಿಯಿತು. ಅಕ್ಷರ ಬಾರದು. ಆದರೆ ಬಸ್ಸಿನ ನಂಬರು ನೋಡಿ ನೋಡಿ ಅಂಕಿ ಬರುತ್ತಿತ್ತು.

"ಏಳು," ಎಂದಳು.

"ಏಳು!" ಹಿಂದೆ ನಿಂತಿದ್ದ ಅಜ್ಜಿಯ ಗಂಟಲು ರಸ್ತೆ ದಾಟಿತು.

"ಸೊನ್ನೆ. ನಾಕು..."

ಏನ್ರೇ ಅದು ಮಗ್ಗಿ ಎನ್ನುತ್ತ ಮೇಸ್ತ್ರಿ ಕುರ್ಚಿಯಿಂದೇಳುವಷ್ಟರಲ್ಲಿ ಕೊನೆಯ ಅಂಕಿಯೂ ಆಚೆ ತಲುಪಿತ್ತು. ಫೋನು ಇನ್ನೊಮ್ಮೆ ಗುಂಯ್ ಎಂದಿತು. ಅರ್ಜಿ ಸ್ವೀಕರಿಸಲಾಗಿದೆ.

ಅವನು ಅದನ್ನು ಓದಿದ. ಕೂಗಾಡಲಿಲ್ಲ.

"ಉತ್ತರಾನೂ ನನ್ನ ಫೋನಿಗೇ ಬರೋದು ಕಣೇ, ಬೇವರ್ಸಿ."

"ಬರ್ಲಿ ಬಿಡಣ್ಣ," ಎಂದಳು ಅವಳು, ಸುಸ್ತಾದ ದನಿಯಲ್ಲಿ. "ದಿನಾ ಅದ್ರ ಮುಂದೆ ಮುಖ ಹಿಡಿಯೋಕೆ ಬರ್ತೀವಲ್ಲ."

ಗೇಟಿನಲ್ಲಿ ಕಸದ ಲಾರಿ ಹಾರ್ನು ಹೊಡೆಯುತ್ತಿತ್ತು. ಹಾಜರಿ ಮುಗಿಯದೆ ಲಾರಿ ಹೊರಡುವ ಹಾಗಿರಲಿಲ್ಲ. ಇವತ್ತು ನಿನ್ನ ಹಾಜರಿ ಇಲ್ಲ, ಆಚೆ ಹೋಗು ಎಂದು ಅವಳನ್ನು ತಳ್ಳಿ, ಮೇಸ್ತ್ರಿ ಫೋನನ್ನು ಮತ್ತೆ ಡ್ರಮ್ಮಿಗೆ ಒರಗಿಸಿದ.

ಮುಂದಿನ ಸರದಿ ಮೈಕಜ್ಜಿಯದು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಫೋನಿನೆದುರು ನಿಂತಳು. ಆಮೇಲೆ, ತೋಳು ನೋಯುವವಳ ಹಾಗೆ ನಿಧಾನವಾಗಿ, ಪೊರಕೆಯನ್ನು ಮೇಲೆತ್ತಿದಳು.