ಅಖ್ತರ್‌ಬೀ ಕಟ್ಟಿದ ತಾಬೂತು

ಹೊನ್ನಾಳಿಯಲ್ಲಿ ತಾಬೂತು ಎಂದರೆ ಫಕೀರಸಾಬ, ಫಕೀರಸಾಬ ಎಂದರೆ ತಾಬೂತು. ಇದು ನನ್ನ ಮಾತಲ್ಲ, ಪೇಟೆಯವರೇ ಹೇಳುತ್ತಿದ್ದದ್ದು. ಹಾಗೆ ಹೇಳಿಸಿಕೊಳ್ಳುವುದು ನನಗೆ ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ. ಮೊಹರಂ ಹತ್ತಿರ ಬಂತೆಂದರೆ ಬಿದಿರು ಸೀಳಿ, ಬಣ್ಣದ ಕಾಗದ ಕತ್ತರಿಸಿ, ಅಭ್ರಕದ ಹಾಳೆ ಅಂಟಿಸಿ ಇಮಾಮ್ ಹುಸೇನರ ಗೋರಿಯನ್ನು ಎರಡಾಳೆತ್ತರ ಎಬ್ಬಿಸುತ್ತಿದ್ದೆ. ಕರ್ಬಲಾದ ಬಯಲಿನಲ್ಲಿ ಗುಟುಕು ನೀರಿಲ್ಲದೆ, ಬಾಣ ತಿಂದು ಸತ್ತವರ ನೆನಪಿಗೆ ಕಟ್ಟುವ ಗೋರಿ ಅದು. ನೋಡಿದವರು ಮಾತ್ರ ಕರ್ಬಲಾವನ್ನು ಮರೆತು "ಏನ್ ಕೈ ಐತೆ ಸಾಬ್ರೇ ನಿಮ್ದು!" ಎನ್ನುತ್ತಿದ್ದರು. ನಾನೂ ಕರ್ಬಲಾವನ್ನು ಮರೆತು ಮೀಸೆ ತಿರುವುತ್ತಿದ್ದೆ.

ನನ್ನ ಹೆಂಡತಿ ಅಖ್ತರ್‌ಬೀ ಹುಣಸೆ ಬೀಜ ಅರೆದು ಅಂಟು ಕಾಯಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಅದೊಂದೇ ಅವಳ ಕೆಲಸ. ಅಂಟು ಗಟ್ಟಿಯಾದರೆ ಬೈಯುತ್ತಿದ್ದೆ, ತೆಳುವಾದರೂ ಬೈಯುತ್ತಿದ್ದೆ. ಸರಿಯಾದಾಗ ಏನೂ ಹೇಳುತ್ತಿರಲಿಲ್ಲ.

ಯುದ್ಧದ ಆ ವರ್ಷ, ನಲವತ್ನಾಲ್ಕರಲ್ಲಿ, ನಮ್ಮ ಒಬ್ಬನೇ ಮಗ ಅಮೀರ್‌ಜಾನ್ ಬರ್ಮಾ ಗಡಿಯಲ್ಲಿ ಸತ್ತ. ಅವನು ಪಲ್ಟನ್ನಿನಲ್ಲಿ ಲಾರಿ ಓಡಿಸುತ್ತಿದ್ದ. ಬೇಸಿಗೆಯಲ್ಲಿ ತಂತಿ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಜೊತೆಗಾರ, ನ್ಯಾಮತಿಯ ರಂಗಣ್ಣ, ರಜೆಯ ಮೇಲೆ ಬಂದವನು ಒಂದು ಗಂಟು ತಂದುಕೊಟ್ಟ. ಅದರಲ್ಲಿ ಒಂದು ಖಾಕಿ ಅಂಗಿ, ಒಂದು ಇನಾಮಲ್ ಲೋಟ ಇದ್ದವು. ಅಂಗಿಯ ಎಡಗಡೆ, ಜೇಬಿನ ಕೆಳಗೆ, ಬೆರಳು ತೂರುವಷ್ಟು ತೂತಿತ್ತು. ಅದರ ಸುತ್ತ ಕಪ್ಪಗೆ ಗಟ್ಟಿಯಾಗಿತ್ತು.

"ಒಗೆದು ತರಬೇಕು ಅಂದ್ಕಂಡೆ ಅಮ್ಮಾ, ಮನಸ್ಸು ಬರ್ಲಿಲ್ಲ" ಎಂದ ರಂಗಣ್ಣ. "ಜಪಾನಿಯೋರ ಇಮಾನ ಬಂತು, ಮ್ಯಾಲಿಂದ ಗುಂಡು ಸುರೀತು. ಅವ್ನು ಲಾರಿ ಬಿಟ್ಟು ಇಳೀಲಿಲ್ಲ. ಹಿಂದೆ ಗಾಯಾಳುಗಳು ಇದ್ರು."

ಅಖ್ತರ್‌ಬೀ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಅವನಿಗೆ ಊಟಕ್ಕೆ ಬಡಿಸಿದಳು. ಅಳಲಿಲ್ಲ. ನಾನೂ ಅಳಲಿಲ್ಲ. ಗಂಡಸು ಪೇಟೆಯವರ ಮುಂದೆ ಅಳಬಾರದು ಎಂದು ನಮ್ಮಪ್ಪ ಕಲಿಸಿದ್ದ, ಅದೊಂದನ್ನು ಚೆನ್ನಾಗಿ ಕಲಿತಿದ್ದೆ. ನಾನು ಕತ್ತರಿ ಹಿಡಿದೆ.

ಈ ಸಲದ ತಾಬೂತು ಹಿಂದೆಂದೂ ಆಗದಂಥದ್ದಾಗಬೇಕು ಎಂದು ಹಟ ಹಿಡಿದೆ. ಯುದ್ಧದ ಕಾಲ, ಬಣ್ಣದ ಕಾಗದ ಎಲ್ಲೂ ಇಲ್ಲ. ಚನ್ನಗಿರಿಗೆ ಹೋಗಿ ಅಂಗಡಿ ಕೊಟ್ರಬಸಪ್ಪನ ಕೈಕಾಲು ಹಿಡಿದೆ. ಜಗಳೂರಿನಲ್ಲಿ ಯಾರೋ ಮದುವೆ ಚಪ್ಪರಕ್ಕೆಂದು ಇಟ್ಟುಕೊಂಡಿದ್ದ ಕೆಂಪು ಕಾಗದವನ್ನು ಬೇಡಿ ತಂದೆ. ಸವಳಂಗದ ಕಡೆಯಿಂದ ಬಿದಿರು ಬಂತು. ಎರಡು ತಿಂಗಳು ಹಗಲೆಲ್ಲ ಕೂತು ಕತ್ತರಿಸಿದೆ. ಒಂದೊಂದು ಹೂವು ಕತ್ತರಿಸುವಾಗಲೂ ಅಮೀರ್‌ಜಾನನೇ ಕಣ್ಣೆದುರು ಇರುತ್ತಿದ್ದ. ಆದರೆ ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ನನ್ನ ಕೆಲಸವೇ ಹೇಳುತ್ತದೆ ಅಂದುಕೊಂಡಿದ್ದೆ.

ಮೊಹರಂ ಚಂದ್ರ ಕಂಡ ಮಾರನೆಯ ದಿನ ಅಖ್ತರ್‌ಬೀ ನನ್ನ ಹತ್ತಿರ ಬಂದು ಮಿಕ್ಕ ಬಿದಿರ ಕಡ್ಡಿ ಕೇಳಿದಳು.

"ಯಾಕೆ?"

"ನಾನೂ ಒಂದು ಕಟ್ತೀನಿ. ಸಣ್ಣದು."

ನನಗೆ ನಗು ಬಂತು. "ಕಟ್ಟು, ಕಟ್ಟು. ಗೊಂಬೆ ಮನೆ ಕಟ್ಟಾಕೆ ಯಾರು ಬೇಡ ಅಂತಾರೆ" ಎಂದು ನಾಲ್ಕು ಸೊಟ್ಟ ಕಡ್ಡಿ ಕೊಟ್ಟೆ. ಒಳ್ಳೆಯವನ್ನು ನಾನೇ ಇಟ್ಟುಕೊಂಡೆ.

ಅವಳು ಕಟ್ಟಿದ್ದು ಗೊಂಬೆ ಮನೆಯಲ್ಲ. ಸೊಟ್ಟ ಕಡ್ಡಿಗಳಿಂದ ಎಳೆಮಗುವನ್ನು ಮಲಗಿಸುವಷ್ಟು ಅಗಲದ ಚಟ್ಟದಂಥದ್ದನ್ನು ಮಾಡಿ, ಮೇಲೆ ಆ ಖಾಕಿ ಅಂಗಿಯನ್ನು ತೋಳು ಚಾಚಿ ಹರಡಿದಳು. ಗುಮ್ಮಟ ಇರಬೇಕಾದ ಜಾಗದಲ್ಲಿ ಇನಾಮಲ್ ಲೋಟವನ್ನು ಬೋರಲು ಹಾಕಿದಳು. ತೂತಿಗೆ ಹೊಲಿಗೆ ಹಾಕಲಿಲ್ಲ, ಅದರ ಸುತ್ತ ಜಾಲಿಯ ಮುಳ್ಳುಗಳನ್ನು ಒಂದೊಂದಾಗಿ ಚುಚ್ಚಿದಳು. ಕರ್ಬಲಾದ ಬಾಣಗಳಂತೆ ಅವು. ಬದಿಗಳಿಗೆ ಹಳೇ ಪತ್ರಿಕೆಯ ಯುದ್ಧದ ಚಿತ್ರಗಳನ್ನು ಅಂಟಿಸಿದಳು. ಸುಟ್ಟ ಊರು, ವಿಮಾನ, ಸಾಲಾಗಿ ಮಲಗಿಸಿದ ಹೆಣಗಳು. ಅಂಟು ಚೆಲ್ಲಿತ್ತು, ಕಾಗದ ಮುದುರಿತ್ತು. ನಮ್ಮ ಮನೆತನದ ಕಣ್ಣಿಗೆ ಅದು ಶುದ್ಧ ಕಸ. ಹಾಗೆಂದು ನನಗೆ ನಾನೇ ನಾಲ್ಕು ಸಲ ಹೇಳಿಕೊಂಡೆ. ಒಂದೇ ಸಲ ಸಾಕಾಗಲಿಲ್ಲ ಎನ್ನುವುದು ಆಗಲೇ ನನಗೆ ತಿಳಿಯಬೇಕಿತ್ತು.

ಮಸೀದಿಯ ಪಕ್ಕದ ಚಪ್ಪರದಲ್ಲಿ ಎರಡನ್ನೂ ಇಟ್ಟೆವು. ನನ್ನದು ನಡುವೆ, ಅವಳದು ಮೂಲೆಯಲ್ಲಿ. ಮುಜಾವರ ಬುಡನ್‌ಸಾಬ್, ಹಬ್ಬದ ಹಿರಿಯ, ಎರಡಕ್ಕೂ ಊದು ಹಾಕಿದ. ಜನ ಬರತೊಡಗಿದರು. ಹೊನ್ನಾಳಿಯಲ್ಲಿ ಇದು ಬಾಬಯ್ಯನ ಹಬ್ಬ, ಸಕ್ಕರೆ ಓದಿಸಲು ಲಿಂಗಾಯತರು, ಕುರುಬರು, ನಾವು ಎಲ್ಲ ಒಟ್ಟಿಗೇ ಬರುತ್ತೇವೆ. ಬಂದವರು ನನ್ನದರ ಮುಂದೆ ನಿಂತು ಕತ್ತೆತ್ತಿ "ಅಬಾಬಾ" ಎಂದರು. ಆಮೇಲೆ ಮೂಲೆಗೆ ಹೋದರು. ಮೂಲೆಗೆ ಹೋದವರು ಬೇಗ ವಾಪಸು ಬರಲಿಲ್ಲ.

ದ್ಯಾಮಮ್ಮ ಎಂಬ ಸೊಪ್ಪು ಮಾರುವ ಹೆಂಗಸು ಮೊದಲು ಮಾಡಿದ್ದು. ಮಡಿಲಿಂದ ಒಂದು ಉಡಿದಾರ ತೆಗೆದು, "ಇದು ನಮ್ ಕೂಸಿಂದು ತಾಯಿ. ಜ್ವರದಾಗೆ ಹೋತು. ಇಲ್ಲಿ ಕಟ್ಟಲೇನು?" ಎಂದಳು. ಅಖ್ತರ್‌ಬೀ ಬಿದಿರಿನ ಒಂದು ಮೂಲೆ ತೋರಿಸಿದಳು. ಮರುದಿನ ಚಿತ್ತಪ್ಪ ಬಂದ. ಬದುವಿನ ಜಗಳದಲ್ಲಿ ದಾಯಾದಿಗಳು ಇವನ ಅಣ್ಣನನ್ನು ಕೊಡಲಿಯಲ್ಲಿ ಕಡಿದಿದ್ದರು. ಚಿತ್ತಪ್ಪ ಅಣ್ಣನ ರುಮಾಲಿನ ಚೂರು ಕಟ್ಟಿ ಹೋದ. ಆಮೇಲೆ ಸಾಲೇ ಹತ್ತಿತು. ಹೆರಿಗೆಯಲ್ಲಿ ಸತ್ತವಳ ಬಳೆ ಚೂರು, ಮುಳುಗಿದವನ ಚಡ್ಡಿಯ ಲಾಡಿ, ಗಂಡ ಹೊಡೆದು ಸಾಯಿಸಿದ ಮಗಳ ಕುಪ್ಪಸದ ತೋಳು. ಆ ಕೊನೆಯದನ್ನು ತಂದ ಮುದುಕಿ ಅದನ್ನು ಕಟ್ಟಿದ ಮೇಲೆ ಅಖ್ತರ್‌ಬೀಯ ಹೆಗಲ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಅಂಗಿಯ ಸುತ್ತ ಊರಿನ ಸಾವುಗಳೆಲ್ಲ ಬಂದು ಕೂತವು.

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೌದು, ಹೆಂಡತಿಯ ಮೇಲೆ. ಸತ್ತ ಮಗನ ಅಂಗಿಯ ಮೇಲೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಬರೀ ಉರಿಯಿತು. ಅಂಟು ಕಲಸುವವಳು ನಾಲ್ಕು ದಿನದಲ್ಲಿ ಮಾಡಿದ್ದಕ್ಕೆ ಜನ ಅಳುತ್ತಾರೆ, ಮೂರು ತಲೆಮಾರಿನ ಕೈಗೆ "ಅಬಾಬಾ" ಎಂದು ಮುಂದೆ ಹೋಗುತ್ತಾರೆ. ಅದಕ್ಕಿಂತ ಹೆಚ್ಚಿಗೆ ಉರಿಸಿದ್ದು ಇನ್ನೊಂದು. ಬಂದವರೆಲ್ಲ ಅವಳಿಗೇ ಸಮಾಧಾನ ಹೇಳಿದರು. "ಹೆತ್ತ ಹೊಟ್ಟೆ ಹೆಂಗೆ ತಡಕಂತೈತೋ" ಎಂದರು. ನನ್ನನ್ನು ಕೇಳಿದ್ದು ಅಭ್ರಕ ಎಲ್ಲಿ ಸಿಕ್ಕಿತು ಎಂದು. ಮಗನನ್ನು ಕಳೆದುಕೊಂಡದ್ದು ಅವಳೊಬ್ಬಳೇ ಎಂಬಂತೆ ಆಗಿತ್ತು.

ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನವರು ಪ್ರತಿ ವರ್ಷ ಮೊದಲ ತೆಂಗಿನಕಾಯಿಯನ್ನು ನನ್ನ ತಾಬೂತಿಗೇ ಒಡೆಸುವವರು. ಒಂಬತ್ತನೆಯ ದಿನ ಬಂದರು. ಕಾಯಿ ಹಿಡಿದುಕೊಂಡು ನೇರ ಮೂಲೆಗೆ ಹೋದರು, ಪೇಟ ತೆಗೆದು ನಿಂತರು. ಕಾಯಿಯನ್ನು ಅಲ್ಲೇ ಒಡೆಸಿ, ನನ್ನ ಕಡೆ ತಿರುಗಿ, "ಸಾಬ್ರೇ, ನಿಮ್ ಮನೆಯೋರ ಕೈ ಭಾಳ ದೊಡ್ಡದು ರೀ" ಎಂದು ಹೊರಟುಹೋದರು. ನಾನು ಹಲ್ಲು ಕಿರಿದೆ. ಹಲ್ಲಿನ ಹಿಂದೆ ಏನಿತ್ತೆಂದು ಅವರಿಗೆ ಕಾಣಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮೆರವಣಿಗೆಗೆ ಎತ್ತುವಾಗ ಬುಡನ್‌ಸಾಬ್ ಕೈ ಎತ್ತಿದ.

"ಸಣ್ಣದು ಮುಂದೆ ಹೋಗ್ಲಿ."

"ನಮ್ಮಪ್ಪನ ಕಾಲದಿಂದ ಮುಂದೆ ಹೋಗೋದು ನಮ್ದು" ಎಂದೆ.

"ಅದೂ ನಿಮ್ದೇ ಅಲ್ಲೇನಪ್ಪ? ನಿನ್ನ ಮಗಂದೇ ಅಂಗಿ" ಎಂದ ಮುದುಕ. ನನ್ನ ಎರಡಾಳೆತ್ತರದ ತಾಬೂತು ಅಭ್ರಕ ಮಿನುಗಿಸುತ್ತ ಹಿಂದೆ ಬಂತು. ಆ ಸಣ್ಣ ಚಟ್ಟ ಇಬ್ಬರ ಹೆಗಲ ಮೇಲೆ ಮುಂದೆ ಹೋಯಿತು. ಬೀದಿಯ ಎರಡೂ ಕಡೆ ಜನ ಅದಕ್ಕೆ ಕೈ ಮುಗಿದು, ನನ್ನದು ಬರುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೊಳೆದಂಡೆಗೆ ಹೆಂಗಸರು ಬರುವ ಪದ್ಧತಿ ನಮ್ಮಲ್ಲಿಲ್ಲ. ತಾಬೂತನ್ನು ನೀರಿಗೆ ಕೊಡುವ ಮೊದಲು ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಬಿಚ್ಚಿಕೊಳ್ಳುತ್ತೇವೆ. ಕನ್ನಡಿ, ಅಭ್ರಕ, ತುದಿಯ ಹಿತ್ತಾಳೆ. ಮಿಕ್ಕದ್ದು ಹೊಳೆಯ ಪಾಲು. ಬಿಚ್ಚುವುದೂ ಬಿಡುವುದೂ ಮನೆಯ ಗಂಡಸಿನ ಕೆಲಸ, ಬೇರೆ ಯಾರೂ ಮುಟ್ಟುವಂತಿಲ್ಲ. ಹೊರಡುವ ಮುನ್ನ ಅಖ್ತರ್‌ಬೀ ಚಪ್ಪರದ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ್ದಳು:

"ನೋಡ್ರಿ, ಜನ ಕಟ್ಟಿದ್ದೆಲ್ಲ ಹೊಳೆಗೆ ಹೋಗ್ಲಿ, ಅವ್ರು ಅದಕ್ಕೇ ಕಟ್ಟಿರೋದು. ಲೋಟನೂ ಹೋಗ್ಲಿ. ಅಂಗಿ ಮಾತ್ರ ಬಿಚ್ಕೊಂಡು ಬರ್ರಿ. ನಾಲ್ಕೂ ಕಡೆ ಜಾರುಗಂಟು ಹಾಕೀನಿ, ಎಳೆದ್ರೆ ಬಂದ್ಬಿಡ್ತೈತೆ. ಬೇರೆ ಏನೂ ಉಳಿದಿಲ್ಲ ನಮಗೆ."

"ಆಯ್ತು" ಎಂದಿದ್ದೆ.

ಮೊದಲು ನನ್ನದನ್ನು ಇಳಿಸಿದೆ. ಮೊಣಕಾಲು ನೀರಿನಲ್ಲಿ ನಿಂತು ಒಂದೊಂದು ಅಭ್ರಕದ ಹಾಳೆಯನ್ನೂ ಮುರಿಯದಂತೆ ಉಗುರಿನಿಂದ ಎಬ್ಬಿಸಿದೆ. ಕನ್ನಡಿ ಚೂರುಗಳನ್ನು ಎಣಿಸಿ ಹೆಗಲ ಪಂಚೆಯಲ್ಲಿ ಕಟ್ಟಿದೆ. ದಂಡೆಯ ಮೇಲಿನ ಜನ ನೋಡುತ್ತಿದ್ದರು, ನನ್ನನ್ನಲ್ಲ. ಅವರ ಕಣ್ಣೆಲ್ಲ ಕಲ್ಲಿನ ಮೇಲಿಟ್ಟಿದ್ದ ಆ ಸಣ್ಣದರ ಮೇಲೆ. ನನ್ನ ಎರಡು ತಿಂಗಳ ಕೆಲಸ ತೇಲಿ ಹೋದಾಗ ಯಾರೂ ಒಂದು ಮಾತಾಡಲಿಲ್ಲ.

ಆಮೇಲೆ ಅದನ್ನು ಎತ್ತಿಕೊಂಡು ಸೊಂಟದವರೆಗೆ ಇಳಿದೆ. ಹಗುರಾಗಿತ್ತು. ಜಾರುಗಂಟು ನಾಲ್ಕೂ ಕಂಡವು, ತುದಿಗಳನ್ನು ಉದ್ದಕ್ಕೆ ಬಿಟ್ಟಿದ್ದಳು, ಒದ್ದೆ ಕೈಗೂ ಸಿಗಲಿ ಎಂದು. ಒಂದನ್ನು ಹಿಡಿದೆ. ಹಿಡಿದುಕೊಂಡೇ ಮುಂದಿನ ವರ್ಷದ ಬಗ್ಗೆ ಯೋಚಿಸಿದೆ. ಈ ಅಂಗಿ ಮನೆಯಲ್ಲಿದ್ದರೆ ಮುಂದಿನ ವರ್ಷವೂ ಇದೇ, ಅದರಾಚೆಯ ವರ್ಷವೂ ಇದೇ. ಸಾಯುವವರೆಗೆ ನಾನು ಹಿಂದೆ. ನನ್ನ ಮಗನೇ ನನ್ನ ಮುಂದೆ ನಡೆದು ನನ್ನನ್ನು ಹಿಂದೆ ಹಾಕುತ್ತಾನೆ.

ಕೈ ಬಿಟ್ಟೆ. ಗಂಟನ್ನಲ್ಲ, ಇಡೀ ತಾಬೂತನ್ನು. ನಡುಹೊಳೆಯ ಸೆಳವಿಗೆ ಸಿಕ್ಕಿ ಅದು ತಿರುಗಿತು. ತೋಳು ಚಾಚಿದ ಅಂಗಿ ಒಂದು ಗಳಿಗೆ ನೀರಿನ ಮೇಲೆ ಮಲಗಿತ್ತು, ಮುಳ್ಳುಗಳ ಸಮೇತ ಮುಳುಗಿತು. ದಂಡೆಯ ಮೇಲಿನವರು "ಯಾ ಹುಸೇನ್" ಎಂದರು.

ಮನೆಗೆ ಬಂದಾಗ ಅಖ್ತರ್‌ಬೀ ಹೊಸ್ತಿಲಲ್ಲೇ ಇದ್ದಳು. ಎರಡೂ ಕೈ ಚಾಚಿದಳು. ನನ್ನ ಪಂಚೆಯ ಗಂಟನ್ನು ಆ ಕೈಗಳ ಮೇಲಿಟ್ಟೆ. ಅವಳು ಬಿಚ್ಚಿದಳು. ಅಭ್ರಕ, ಕನ್ನಡಿ. ಅವನ್ನು ಎರಡು ಸಲ ಸರಿಸಿ ನೋಡಿದಳು.

"ಅಂಗಿ?"

ನಾನು ಹೊಳೆಯ ಕಡೆ ಕೈ ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. ಹಾಗಿದ್ದರೂ ಅವಳೇ ನನ್ನ ಒದ್ದೆ ತೋಳು ಹಿಡಿದು, "ಸೆಳವು ಜೋರಿತ್ತೇನೋ. ಕೈ ಜಾರಿರಬೇಕು. ನೀವಾದ್ರೂ ವಾಪಸ್ ಬಂದ್ರಲ್ಲ" ಎಂದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಕ್ಷಮಿಸುವುದರಲ್ಲೂ ನನಗಿಂತ ದೊಡ್ಡವಳಾಗಿ ನಿಂತಳಲ್ಲ, ಅದು ತಡೆಯಲಾಗಲಿಲ್ಲ.

"ಜಾರಲಿಲ್ಲ. ಬಿಟ್ಟೆ" ಎಂದೆ.

"ಯಾಕೆ?"

"ಎಲ್ರೂ ನಿಂದೇ ನೋಡಿದ್ರು. ನಂದನ್ನ ಯಾರೂ ನೋಡ್ಲಿಲ್ಲ."

ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದಿದೆ ಎಂದು ಕೇಳಿಸಿತು. ಅವಳು ಹೊಡೆಯುತ್ತಾಳೆ, ಕೂಗುತ್ತಾಳೆ ಎಂದುಕೊಂಡೆ. ಅವಳು ಅಭ್ರಕದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಗೂಡಿನಲ್ಲಿ ಜೋಪಾನವಾಗಿ ಇಟ್ಟಳು. ನನ್ನ ಕಡೆ ಬೆನ್ನು ಮಾಡಿಯೇ ಹೇಳಿದಳು:

"ನಾನು ನೋಡಿದ್ದೆ ರೀ. ಪ್ರತಿ ಸಲ ಹನ್ನೆರಡು ಕಮಾನು ಕಟ್ತಿದ್ರಿ. ಈ ಸಲ ಇಪ್ಪತ್ತೊಂದು ಕಟ್ಟಿದ್ರಿ. ಅವನಿಗೆ ಇಪ್ಪತ್ತೊಂದು ತುಂಬಿತ್ತು. ನೀವು ಅಳೋದು ಅಲ್ಲಿ ಕಾಣ್ತಿತ್ತು ನಂಗೆ. ದಿನಾ ಅಂಟು ತಂದಿಡುವಾಗ ಎಣಿಸ್ತಿದ್ದೆ."

ಆ ಲೆಕ್ಕವನ್ನು ನಾನು ಭೂಮಿಯ ಮೇಲೆ ಯಾರಿಗೂ ಹೇಳಿರಲಿಲ್ಲ. ಕೂಗುತ್ತ ಹೊಳೆಗೆ ಓಡಿದೆ, ಪೇಟೆಯ ನಡುವೆಯೇ ಓಡಿದೆ, ಜೋರಾಗಿ ಅಳುತ್ತಲೇ ಓಡಿದೆ. ಕೆಳಗಿನ ಮಡುವಿನವರೆಗೆ ನೀರಿನಲ್ಲಿ ಕೈಯಾಡಿಸಿ ಹುಡುಕಿದೆ. ಒಂದು ಸೊಟ್ಟ ಬಿದಿರ ಕಡ್ಡಿ ಸಿಕ್ಕಿತು. ಅದರ ತುದಿಯಲ್ಲಿ ಜಾರುಗಂಟಿನ ದಾರ ಇತ್ತು, ಗಂಟು ಬಿಚ್ಚಿಕೊಂಡಿತ್ತು.