ಆರಕ್ಕೆ ಆರು

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಲಿ ಪ್ರೋಗ್ರಾಂ ಬರೆಸಿದ್ರೆ ಇನ್ನೆಂತ ಆಗ್ತದೆ ಹೇಳಿ, ಅಂದುಬಿಟ್ಟ ಹರೀಶಣ್ಣ, ಹೊನ್ನಾವರದ ಬಂದರು ಧಕ್ಕೆಯ ಮೇಲೆ, ಎಲ್ಲರ ಎದುರು, ಮೀನುಗಾರರ ಸೊಸೈಟಿ ಅಧ್ಯಕ್ಷ ಮಧುಸೂದನರ ಪಕ್ಕದ ಕುರ್ಚಿಯಲ್ಲಿ ಕೂತು, ಮೀನಿನ ಹೆಂಗಸರು ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದರು, ಹಿಂದಿನಿಂದ ಯಾರೋ, ಇಂವಗೆ ಬಲೆ ಹೊಲಿಯೂದೇ ಸಮ ಇತ್ತು ಮಾರಾಯ, ಅಂತ ನಕ್ಕ — ನಮ್ಮ ಧಕ್ಕೆಯ ಬೀರ ಸಮುದ್ರದಲ್ಲಿ ಕಾಣೆಯಾಗಿ ಮೂರು ದಿನ, ಇವರಿಗೆ ನಗು ಬರ್ತದೆ — ಜಗ್ಗಾ, ನೀ ಇಂಜಿನಿಯರಿಗಿಂತ ಚುರುಕು ಮಾರಾಯ, ಅಂದದ್ದೂ ಹರೀಶಣ್ಣನ ಇದೇ ಬಾಯಿ, ಕುಮಟೆಯ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಚಾ ತರಿಸಿ ಕೊಟ್ಟು, ಬೋಟಿನವರ ಪಟ್ಟಿ ಕಳಿಸುವ ಆ್ಯಪ್ ನನ್ನಿಂದ ಬರೆಸಿ, ಕೆಳಗೆ ತನ್ನ ಹೆಸರು ಹಾಕಿಕೊಂಡ, ಆತು ಅಂದೆ, ಹೆಸರು ಯಾರಿಗೆ ಬೇಕು ಅಂದೆ, ಈಗ ತಪ್ಪು ಮಾತ್ರ ನನ್ನ ಹೆಸರಲ್ಲಿ.

ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ ಬರೆದಿದ್ದೆ, ಬೋಟಿನ ಒಳಗೆ ಕೆಲಸದ ಖಲಾಸಿಗಳು, ಒಬ್ಬೊಬ್ಬ ಖಲಾಸಿಯ ಒಳಗೆ ಹೆಸರು, ಅಪ್ಪನ ಹೆಸರು, ಫೋನ್ ನಂಬರು, ಎಲ್ಲ ಸೇರಿ ಜೇಸನ್ ಅನ್ನುವ ಒಂದೇ ಫೈಲ್ ಆಗಿ ದಡಕ್ಕೆ ಹೋಗಬೇಕು, ನೀರ ಮೇಲೆ ನೆಟ್ ಇಲ್ಲ, ಫೈಲ್ ಹಗುರ ಇರ್ಲಿ, ಖಾಲಿ ಇದ್ದದ್ದೆಲ್ಲ ಬಿಟ್ಟು ಕಳಿಸು ಅಂದ ಹರೀಶಣ್ಣ, ನಾನು ಕೇಳಿದೆ, ಕೇಳಿದ್ದೇನೆ, ಮೆಸೇಜು ಫೋನಲ್ಲಿ ಇನ್ನೂ ಇದೆ — ಹರೀಶಣ್ಣ, ಒಳಗಿನ ಡಬ್ಬಿ ಪೂರಾ ಖಾಲಿ ಆದ್ರೆ? ಅದನ್ನೂ ಬಿಡು, ಖಾಲಿ ಡಬ್ಬಿ ಕಟ್ಕೊಂಡು ಎಂತ ಮಾಡೂದು, ಅಂತ ಬರೆದ. ಬಿಟ್ಟೆ. ನಮ್ಮ ಧಕ್ಕೆಯಲ್ಲಿ ಬದಲಿ ಹೋಗುವವನ ಹೆಸರು ಮೊದಲೇ ಬರೆಯುವುದಿಲ್ಲ, ಬೋಟು ಹೊಳೆ ಸಮುದ್ರ ಸೇರುವ ಅಳಿವೆ ದಾಟುವವರೆಗೆ ಯಾರು ಹತ್ತುತ್ತಾರೆ ಯಾರು ಇಳಿಯುತ್ತಾರೆ ಗೊತ್ತಿಲ್ಲ, ಜಾಗ ಖಾಲಿ ಇಟ್ಟು ವಾಪಸ್ ಬಂದ ಮೇಲೆ ತುಂಬುವುದು, ಇದು ಹರೀಶಣ್ಣನಿಗೆ ಗೊತ್ತಿಲ್ಲ, ನನಗೆ ಗೊತ್ತು, ಗೊತ್ತಿದ್ದೂ — ಅವತ್ತು ಆ ಬೋಟಿಗೆ ಏಳನೆಯವ ನಾನೇ ಹತ್ತಬೇಕಿತ್ತು, ಬೋಟುಗಳಲ್ಲಿ ಆ್ಯಪ್ ಆಗಲೇ ಶುರುವಾಗಿತ್ತು, ದಡದ ಕಂಪ್ಯೂಟರಿನ ಕೆಲಸ ಇವತ್ತೇ ಮುಗಿಸಬೇಕು ಕುಮಟೆಗೆ ಬಾ ಅಂತ ಹರೀಶಣ್ಣ ಕರೆದ, ನನ್ನ ಬದಲಿಗೆ ಬೀರ ಹತ್ತಿದ, ಬೋಟು ನಡೆಸುವ ತಾಂಡೇಲ ತಿಮ್ಮಣ್ಣ ಮೊಬೈಲಿನಲ್ಲಿ ನನ್ನ ಹೆಸರು ಅಳಿಸಿ ಜಾಗ ಖಾಲಿ ಇಟ್ಟ, ನನ್ನ ಪ್ರೋಗ್ರಾಂ ಆ ಜಾಗವನ್ನೇ ತೆಗೆದುಹಾಕಿತು, ದಡಕ್ಕೆ ಹೋದದ್ದು ಆರೇ ಜನರ ಪಟ್ಟಿ.

ಅಳಿವೆಯ ಹೊರಗೆ ಬೋಟು ಮಗುಚಿ ಏಳು ಜನ ಏಳು ಕಡೆ, ಮೂವರನ್ನು ಭಟ್ಕಳದ ಬೋಟು ಎತ್ತಿತು, ಇಬ್ಬರನ್ನು ಮತ್ತೊಂದು, ಒಬ್ಬನನ್ನು ಇನ್ನೊಂದು, ಬೀರ ಆ ಬೋಟಲ್ಲಿದ್ದಾನೆ ಅಂತ ಇವರು, ಈ ಬೋಟಲ್ಲಿದ್ದಾನೆ ಅಂತ ಅವರು, ಸೊಸೈಟಿಯಲ್ಲಿ ಪಟ್ಟಿ ನೋಡಿದರು, ಆರಕ್ಕೆ ಆರು ಸಿಕ್ಕಿತು, ಹುಡುಕೂದು ಸಾಕು, ಎಲ್ಲರೂ ವಾಪಸ್ ಬನ್ನಿ ಅಂತ ವೈರ್‌ಲೆಸ್‌ನಲ್ಲಿ ಕೂಗಿದರು, ಬಂದುಬಿಟ್ಟರು.

ತೋರಿಸುತ್ತೇನೆ, ಇವನ ಮೆಸೇಜು ಎಲ್ಲರಿಗೂ ತೋರಿಸುತ್ತೇನೆ, ಫೋನು ತೆಗೆದೆ, ಹರೀಶಣ್ಣನ ಮುಖ ಬಿಳುಚಿತು, ಅಷ್ಟರಲ್ಲಿ ಬೀರನ ಅಮ್ಮ ದುರ್ಗಮ್ಮತ್ತೆ ಜನರ ನಡುವಿಂದ ಬಂದು ನಿಂತಳು, ಫೋನಿನ ಕಡೆ ನೋಡಲೂ ಇಲ್ಲ, ಜಗ್ಗಾ, ಅವ ಹತ್ತಿದ್ದು ದಡದಲ್ಲಿ ನಿಂಗೊಬ್ಬಗೆ ಗೊತ್ತಿತ್ತಲ, ಆರು ಅಂತ ಕೂಗುವಾಗ ನೀ ಎಲ್ಲಿದ್ದಿ? — ಕುಮಟೆಯಲ್ಲಿ, ಹರೀಶಣ್ಣನ ಪಕ್ಕದಲ್ಲಿ, ಕಂಪ್ಯೂಟರಿನ ಮುಂದೆ, ಸೊಸೈಟಿಯವರು ಸಿಕ್ಕಿದವರಿಗೆ ಗುರುತು ಹಾಕಿದ ಹಾಗೆ ಆರೂ ಹೆಸರು ಒಂದೊಂದಾಗಿ ಹಸಿರಾದದ್ದು ನೋಡಿ ಚಪ್ಪಾಳೆ ಹೊಡೆದೆ, ಓಡ್ತು ಹರೀಶಣ್ಣ, ನನ್ನ ಪ್ರೋಗ್ರಾಂ ಓಡ್ತು, ಬೀರ ನೆನಪಾದದ್ದು ಊಟಕ್ಕೆ ಕೂತಾಗ, ಫೋನು ಮಾಡುವಷ್ಟರಲ್ಲಿ ಬೋಟುಗಳೆಲ್ಲ ಒಳಗೆ — ಫೋನು ಕಿಸೆಗೆ ಹಾಕಿದೆ, ಹೇಳೋ ಜಗ್ಗಾ, ಎಲ್ಲಿದ್ದಿ, ನಡೆಯುತ್ತಿದ್ದೇನೆ, ಐಸ್ ಫ್ಯಾಕ್ಟರಿ ದಾಟಿದೆ, ಹೇಳೋ, ಅತ್ತೆಯ ದನಿ ಇನ್ನೂ ಬರುತ್ತಿದೆ, ತಿರುಗಲಾರೆ, ಎರಡೂ ಕೈ ಎತ್ತಿ ಹೊಡೆದಿದ್ದೆ, ಚಪ್ಪಾಳೆ, ಅಂಗಡಿಯ ಹೊರಗಿನವರೂ ತಿರುಗಿ ನೋಡುವ ಹಾಗೆ, ಚಪ್ಪಾಳೆ, ಈ ಕೈಗಳಿಂದ, ಚಪ್ಪಾಳೆ