ಬಾಂಬಿನ ಸುದ್ದಿ ಹೊರಟಿದ್ದು ಯಾರ ಮನೆಯಿಂದ?

ಆ ವಾರ ನಮ್ಮ ವಡ್ಡು ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಯುದ್ಧ ಹತ್ತಿತಂತೆ, ಪಕ್ಕದ ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿ ಮೇಲೆ ಅಣುಬಾಂಬ್ ಬೀಳುತ್ತದಂತೆ! ಟಿವಿಯವರು ಬೆಳಗಿನಿಂದ ಯುದ್ಧ ಯುದ್ಧ ಎಂದು ಕೂಗುತ್ತಿದ್ದರು, ನಮ್ಮ ಮೊಬೈಲುಗಳು ಅದಕ್ಕೆ ಒಗ್ಗರಣೆ ಹಾಕುತ್ತಿದ್ದವು. ಅಂಗಡಿಯಲ್ಲಿ ಮೇಣದಬತ್ತಿ ಖಾಲಿ. ಮಕ್ಕಳನ್ನು ಶಾಲೆಗೆ ಕಳಿಸುವವರಿಲ್ಲ.

ಎಲ್ಲರಿಗಿಂತ ಹೆಚ್ಚು ಹೆದರಿದವಳು ಕರೆಮ್ಮ. ಅವಳ ಸೊಸೆ ಗಾಯತ್ರಿಗೆ ದಿನ ತುಂಬಿತ್ತು. ಬಿ.ಪಿ. ಬೇರೆ ಇದ್ದುದರಿಂದ ತೋರಣಗಲ್ಲಿನ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕಿತ್ತು. ಶನಿವಾರ ನಮ್ಮ ಸ್ವಸಹಾಯ ಸಂಘ ಕರೆಮ್ಮನ ಕಟ್ಟೆಯ ಮೇಲೆ ಸೇರಿದ್ದಾಗಲೇ ಗಾಯತ್ರಿಗೆ ನೋವು ಶುರುವಾಯಿತು. ಆಶಾ ಕಾರ್ಯಕರ್ತೆ ಭರಮಮ್ಮ ಕೂಡಲೇ 108ಕ್ಕೆ ಫೋನ್ ಮಾಡಿದಳು.

"ಗಾಡಿ ಬ್ಯಾಡವ್ವ!" ಎಂದಳು ಕರೆಮ್ಮ. "ಬಾಂಬ್ ಬೀಳೋ ಜಾಗಕ್ಕ ನನ್ನ ಸೊಸಿನ ಕಳ್ಸಂಗಿಲ್ಲ. ಮನ್ಯಾಗ ಹೆರ್ಲಿ."

"ಮನ್ಯಾಗ ಆದ್ರ ತಾಯಿ-ಕೂಸು ಇಬ್ರ ಜೀವಕ್ಕೂ ಕುತ್ತು ಅಕ್ಕಾ" ಎಂದಳು ಭರಮಮ್ಮ. "ಗಾಡಿ ಬರೋತನ ಒಂದು ಹೇಳ್ರಿ. ಬಾಂಬಿನ ಸುದ್ದಿ ನಿಮಗ ಯಾರು ಹೇಳಿದ್ರು?"

"ಈ ಪಂಪಾವತಿನ ಹೇಳಿದ್ಲು."

ಪಂಪಾವತಿ ಪಕ್ಕದವಳನ್ನು ತೋರಿಸಿದಳು. "ನನಗ ಹೊಳೆಮ್ಮ ವಾಯ್ಸ್ ಮೆಸೇಜ್ ಹಾಕಿದ್ಲು."

ಹೊಳೆಮ್ಮ ಸೆರಗು ಹಿಂಡುತ್ತಾ, "ನನಗ... ಕರೆಮ್ಮಕ್ಕನ ಹೇಳಿದ್ದು" ಎಂದಳು.

"ನಾನೆಲ್ಲಿ ಹೇಳಿದ್ನೇ? 'ಬಾಂಬ್ ಬಿದ್ರ ಫ್ಯಾಕ್ಟ್ರಿ ಮ್ಯಾಲೆ ಬೀಳತೈತೇನು' ಅಂತ ಕೇಳಿದ್ದೆ ಅಷ್ಟ!"

ಎಲ್ಲರೂ ಗೊಳ್ಳೆಂದು ನಕ್ಕರು. ಕೇಳಿದ ಪ್ರಶ್ನೆಯೇ ಊರು ಸುತ್ತಿ ಸುದ್ದಿಯಾಗಿ ಮನೆಗೆ ಬಂದಿತ್ತು. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಾವೇನು ಕಮ್ಮಿಯೇ? ಕರೆಮ್ಮ ಮಾತ್ರ ನಗಲಿಲ್ಲ.

"ಖರೇನ ಬಂದ್ರ ಏನ್ ಮಾಡ್ತೀ?" ಎಂದಳು.

"ಅಂಜಿಕಿ ತಪ್ಪಲ್ಲಕ್ಕ, ನನಗೂ ಆಗಿತ್ತು" ಎಂದಳು ಭರಮಮ್ಮ. "ಅಂಥಾದ್ದೇನರ ಇದ್ರ ಸರ್ಕಾರದೋರು ರೇಡಿಯೋದಾಗ ಹೇಳ್ತಾರ, ಪಂಚಾಯ್ತಿಯೋರು ಡಂಗುರ ಹೊಡಸ್ತಾರ. ಆವಾಗ ಓಡಿ ಹೋಗಬಾರ್ದು. ಗಟ್ಟಿ ಮನಿ ಒಳಗ ಸೇರಿ ಬಾಗ್ಲಾ ಕಿಟಕಿ ಹಾಕ್ಕೊಂಡು, ಅವರು ಹೇಳೋತನ ಒಳಗ ಇರಬೇಕು. ಬಾಂಬ್ ಬಂದೀತೋ ಇಲ್ಲೋ, ಕೂಸಂತೂ ಈಗ ಬರಾಕತ್ತೈತಿ!"

ಗಾಯತ್ರಿ ಅತ್ತೆಯ ಕೈ ಹಿಡಿದಳು. "ಅತ್ತಿ, ನನಗ ಬಾಂಬಿನಕಿಂತ ಮನ್ಯಾಗ ಹೆರಾಕ ಭಾಳ ಅಂಜಿಕಿ ಆಗತೈತಿ."

ಕರೆಮ್ಮ ಸೊಸೆಯ ಮುಖ ನೋಡಿದಳು. ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ಆಂಬುಲೆನ್ಸ್ ಬಂದಾಗ ಗಾಯತ್ರಿ, ಕರೆಮ್ಮನ ಜೊತೆ ಹೊಳೆಮ್ಮನೂ ಹತ್ತಿದಳು. ಆಸ್ಪತ್ರೆಯಲ್ಲಿ ಗಾಯತ್ರಿಯ ಬಿ.ಪಿ. ಏರಿತು. ಡಾಕ್ಟರು, ನರ್ಸಮ್ಮ ಪಕ್ಕದಲ್ಲೇ ಇದ್ದರು. ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಕ್ಷೇಮ.

ಮುಂದಿನ ಶನಿವಾರ ಕರೆಮ್ಮ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಭರಮಮ್ಮನ ಎರಡೂ ಕೈ ಹಿಡಿದು ಅತ್ತೇಬಿಟ್ಟಳು. "ನೀನು ಬೈದಿದ್ರ ನಾನು ಹಟಾ ಹಿಡೀತಿದ್ದೆ. ಕುಂದ್ರಿಸಿ ಮಾತಾಡಿಸಿದಿ. ನಿನ್ನ ಋಣ ದೊಡ್ಡದವ್ವ."

ಅಕ್ಕಂದಿರೇ, ಅಣ್ಣಂದಿರೇ, ಹೆದರಿಸುವ ಸುದ್ದಿ ಬಂದರೆ ಮುಂದಕ್ಕೆ ಕಳಿಸುವ ಮೊದಲು "ಯಾರು ಹೇಳಿದ್ದು?" ಎಂದು ಕೇಳಿ. ರೇಡಿಯೋ, ಪಂಚಾಯಿತಿಯವರ ಮಾತು ನಂಬಿ. ಭಯಕ್ಕೆ ಆಸ್ಪತ್ರೆ, ಶಾಲೆ ಬಿಡಬೇಡಿ. ನಿಮ್ಮ ಪಕ್ಕದ ಮನೆಯಲ್ಲಿ ಯಾರಾದರೂ ಹೆದರಿಕೊಂಡಿದ್ದರೆ ನಗಬೇಡಿ, ಹೋಗಿ ಅವರ ಹತ್ತಿರ ಕುಳಿತುಕೊಳ್ಳಿ.